ಠಾಣೆಯೋ ಕೋರ್ಟೋ, ಕಾಯ್ದೆಯೋ ಸುತ್ತೋಲೆಯೋ: ಕಾನೂನಿನ ಬಗೆ ಮತ್ತು ಮೂಲಗಳನ್ನು ತೂಗಿ ನೋಡುವುದು ಹೇಗೆ?

ಕೊಟ್ಟ ಸಾಲ ವಾಪಸ್ ಬರದಿದ್ದರೆ ಸೀದಾ ಠಾಣೆಗೆ ಹೋಗುವವರಿದ್ದಾರೆ. ಪಹಣಿಯಲ್ಲಿ ಒಂದು ಅಕ್ಷರ ತಪ್ಪಿದರೆ ಸಿವಿಲ್ ದಾವೆ ಹೂಡುವವರೂ ಇದ್ದಾರೆ. ಕಚೇರಿಯ ಗುಮಾಸ್ತ ಒಂದು ಸುತ್ತೋಲೆ ತೋರಿಸಿದ ಕೂಡಲೇ ಅದೇ ಕೊನೆಯ ಮಾತೆಂದು ಮನೆಗೆ ಮರಳುವವರಂತೂ ಇನ್ನೂ ಹೆಚ್ಚು. ಇವರೆಲ್ಲ ಎರಡು ಪ್ರಶ್ನೆ ಕೇಳಿಕೊಂಡಿರುವುದಿಲ್ಲ. ಇದು ಯಾವ ಬಗೆಯ ಕಾನೂನಿಗೆ ಸೇರಿದ ವಿಷಯ? ನಾನು ನೆಚ್ಚಿಕೊಂಡಿರುವ ಕಾಗದಕ್ಕೆ ಅಧಿಕಾರ ಎಲ್ಲಿಂದ ಬಂತು? ಹೋಗಬೇಕಾದ ದಾರಿ ಮೊದಲ ಪ್ರಶ್ನೆಯಿಂದ ತಿಳಿಯುತ್ತದೆ, ಅಲ್ಲಿ ನಿಮ್ಮ ವಾದ ನಿಲ್ಲುತ್ತದೋ ಇಲ್ಲವೋ ಎಂಬುದು ಎರಡನೆಯದರಿಂದ.

ತಪ್ಪು ದಾರಿಗೆ ತೆರಬೇಕಾದ ಬೆಲೆ ಸಮಯ. 1963ರ ಕಾಲಮಿತಿ ಕಾಯ್ದೆಯ 14ನೇ ಕಲಮಿನ ಪ್ರಕಾರ, ವ್ಯಾಪ್ತಿಯಿಲ್ಲದ ನ್ಯಾಯಾಲಯದಲ್ಲಿ ಪ್ರಾಮಾಣಿಕವಾಗಿ ಸಿವಿಲ್ ಪ್ರಕರಣ ನಡೆಸಿ ಕಳೆದ ಅವಧಿಯನ್ನು ಲೆಕ್ಕದಿಂದ ಬಿಡಿಸಿಕೊಳ್ಳಬಹುದು. ಠಾಣೆಗೆ ಅಲೆದ ತಿಂಗಳುಗಳಿಗೆ, ಹಿರಿಯರ ಪಂಚಾಯಿತಿಯಲ್ಲಿ ಕಳೆದ ವರ್ಷಗಳಿಗೆ ಆ ರಿಯಾಯಿತಿ ಇಲ್ಲ.

ಸಿವಿಲ್ ಮತ್ತು ಕ್ರಿಮಿನಲ್

ಕ್ರಿಮಿನಲ್ ಕಾನೂನಿನಲ್ಲಿ ಆರೋಪಿಯ ಎದುರು ನಿಲ್ಲುವುದು ಸರ್ಕಾರ. ಅಲ್ಲಿನ ಗುರಿ ಶಿಕ್ಷೆ. ಸಿವಿಲ್ ಕಾನೂನಿನಲ್ಲಿ ಎದುರುಬದುರು ಇರುವವರು ನೀವು ಮತ್ತು ನಿಮ್ಮ ಪ್ರತಿವಾದಿ. ಕೇಳುವುದು ಹಣ, ಸ್ವಾಧೀನ, ಘೋಷಣೆ ಅಥವಾ ತಡೆಯಾಜ್ಞೆ. ಸಾಬೀತಿನ ಮಟ್ಟವೂ ಬೇರೆ. ಕ್ರಿಮಿನಲ್ ಪ್ರಕರಣದಲ್ಲಿ ಆರೋಪ ಸಂಶಯಾತೀತವಾಗಿ ರುಜುವಾಗಬೇಕು, ಸಿವಿಲ್ ದಾವೆಯಲ್ಲಿ ಯಾರ ಕಡೆ ಸಂಭವನೀಯತೆ ಹೆಚ್ಚು ಎಂದು ನೋಡುತ್ತಾರೆ. ಹಾಗಾಗಿ ಒಂದೇ ಘಟನೆಯಲ್ಲಿ ಆರೋಪಿ ಖುಲಾಸೆಯಾಗಿಯೂ ಹಣ ಕೊಡಬೇಕಾಗಿ ಬರಬಹುದು. ಇದರಲ್ಲಿ ವಿರೋಧಾಭಾಸವೇನಿಲ್ಲ.

ಸಾಲದ ಉದಾಹರಣೆಯನ್ನೇ ನೋಡೋಣ. ಪಡೆದವನು ಕೊಡಲಿಲ್ಲ ಎಂಬುದಷ್ಟೇ ವಂಚನೆಯಾಗುವುದಿಲ್ಲ. ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ವಂಚನೆ ಎನ್ನಿಸಿಕೊಳ್ಳಲು ಹಣ ಪಡೆಯುವ ಹೊತ್ತಿಗೇ ಮೋಸದ ಉದ್ದೇಶ ಇರಬೇಕು: ಇಲ್ಲದ ಸೈಟ್ ತೋರಿಸಿದ್ದು, ಸುಳ್ಳು ದಾಖಲೆ ಕೊಟ್ಟದ್ದು, ಒಂದೇ ಮನೆಯನ್ನು ಇಬ್ಬರಿಗೆ ಮಾರಿದ್ದು. ವ್ಯಾಪಾರ ನೆಲಕಚ್ಚಿ ಸಾಲ ತೀರಿಸಲಾಗದಿದ್ದರೆ ಅದು ಸಿವಿಲ್ ವಿಷಯವೇ. ಹಣ ವಸೂಲಿಗೆಂದು ಎಫ್‌ಐಆರ್ ಹಾಕಿಸುವ ಚಾಳಿಯನ್ನು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಖಂಡಿಸಿದೆ. ಅಂಥ ಎಫ್‌ಐಆರ್‌ಗಳು ಹೈಕೋರ್ಟಿನಲ್ಲಿ ರದ್ದಾಗುವ ಹೊತ್ತಿಗೆ ದಾವೆಯ ಅವಧಿಯೂ ಮುಗಿದಿರುತ್ತದೆ.

ಆ ಅವಧಿ ಮೂರು ವರ್ಷ. ಕೈಸಾಲಕ್ಕೆ ಸಾಲ ಕೊಟ್ಟ ದಿನದಿಂದ ಎಣಿಕೆ, ‘ಕೇಳಿದಾಗ ಕೊಡುತ್ತೇನೆ’ ಎಂಬ ಪ್ರಾಮಿಸರಿ ನೋಟಿಗೆ ನೋಟಿನ ತಾರೀಕಿನಿಂದ. ಅವಧಿ ಮುಗಿಯುವ ಮೊದಲು ಸಾಲಗಾರ ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ ಅಂದಿನಿಂದ ಹೊಸ ಮೂರು ವರ್ಷ ಶುರುವಾಗುತ್ತದೆ. ಅವಧಿ ಮುಗಿದ ಮೇಲೆ ಬರೆಸಿಕೊಂಡ ಒಪ್ಪಿಗೆ ಇದಕ್ಕೆ ಒದಗುವುದಿಲ್ಲ. ನೋಟು, ಚೆಕ್ ಅಥವಾ ಲಿಖಿತ ಕರಾರು ಇದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 37ರ ಸಂಕ್ಷಿಪ್ತ ದಾವೆಯನ್ನು ಮೊದಲು ಪರಿಗಣಿಸಿ. ಅಲ್ಲಿ ಸಮನ್ಸ್ ತಲುಪಿದ 10 ದಿನಗಳಲ್ಲಿ ಪ್ರತಿವಾದಿ ಹಾಜರಾತಿ ದಾಖಲಿಸಬೇಕು, ಆಮೇಲೂ ಎದುರಿಸಿ ವಾದಿಸಲು ನ್ಯಾಯಾಲಯದ ಅನುಮತಿ ಬೇಕು. ವ್ಯಾಪಾರದ ವ್ಯಾಜ್ಯವಾಗಿದ್ದು ಮೊತ್ತ 3 ಲಕ್ಷಕ್ಕೆ ಕಡಿಮೆಯಿಲ್ಲದಿದ್ದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಅನ್ವಯಿಸುತ್ತದೆ. ತುರ್ತು ಪರಿಹಾರ ಬೇಕಿಲ್ಲವೆಂದಾದರೆ ದಾವೆಗೆ ಮುಂಚೆ ಮಧ್ಯಸ್ಥಿಕೆ ಕಡ್ಡಾಯ. ಅದನ್ನು ಬಿಟ್ಟು ಹೂಡಿದ ದಾವೆ ತಿರಸ್ಕೃತವಾಗುತ್ತದೆ.

ಚೆಕ್ ಅಮಾನ್ಯವಾದರೆ ಸಿವಿಲ್ ಮತ್ತು ಕ್ರಿಮಿನಲ್‌ಗಳ ನಡುವಣ ಮೂರನೇ ದಾರಿ ತೆರೆಯುತ್ತದೆ. ಅದೇ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮು. ಕಡತ ಸರಿಯಿದ್ದರೆ ಸಾಲಗಾರನಿಗೆ ಬಿಸಿ ಮುಟ್ಟಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ, ಆದರೆ ದಿನಗಳ ಲೆಕ್ಕ ಕರಾರುವಾಕ್ಕಾಗಿರಬೇಕು. ಚೆಕ್ಕನ್ನು ಅದರ ಮೇಲಿನ ತಾರೀಕಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ಲಿಖಿತ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ ಮೇಲೆ ಹಣ ಕೊಡಲು 15 ದಿನ ಬಿಡಬೇಕು. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು. ಹೆಚ್ಚಿನ ಪ್ರಕರಣ ಕೆಡುವುದು ನೋಟಿಸಿನಲ್ಲಿ. ಅದರಲ್ಲಿ ಚೆಕ್ಕಿನ ಮೊತ್ತವನ್ನೇ ಕೇಳಬೇಕು. ಬಡ್ಡಿ, ಹಳೆಯ ಬಾಕಿ, ವಕೀಲರ ಖರ್ಚು ಎಲ್ಲ ಕಲಸಿ ಒಟ್ಟು ಮೊತ್ತ ಬರೆದರೆ ನೋಟಿಸೇ ಬಿದ್ದುಹೋಗಬಹುದು. ದೂರು ತಡವಾದರೆ ಸಕಾರಣ ಕೊಟ್ಟು ಮನ್ನಿಸಲು ಕೇಳಬಹುದು, ನೋಟಿಸ್ ತಡವಾದರೆ ಮನ್ನಣೆಯಿಲ್ಲ. ಆಗ ಉಳಿಯುವ ಉಪಾಯ ಒಂದೇ, ಚೆಕ್ಕಿನ ಮೂರು ತಿಂಗಳು ಮುಗಿದಿಲ್ಲದಿದ್ದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ ಹೊಸದಾಗಿ ಎಣಿಕೆ ಆರಂಭಿಸುವುದು.

ಇನ್ನು ನಿಜವಾಗಿಯೂ ಸಂಜ್ಞೇಯ ಅಪರಾಧವೇ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ) ನಡೆದಿದ್ದರೆ ಠಾಣೆಯೇ ಸರಿಯಾದ ಜಾಗ. ಎಫ್‌ಐಆರ್ ದಾಖಲಿಸುವುದು ಪೊಲೀಸರ ಕರ್ತವ್ಯ, ಅವರ ಇಷ್ಟಕ್ಕೆ ಬಿಟ್ಟದ್ದಲ್ಲ ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಐವರ ಸಂವಿಧಾನ ಪೀಠ 2013ರಲ್ಲಿ ಹೇಳಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ ಡಿವೈಎಸ್‌ಪಿ ಅನುಮತಿ ಪಡೆದು 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸಲು ಕ್ರಿಮಿನಲ್ ಪ್ರಕರಣ ನಡೆಸುವ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಈಗ ಅವಕಾಶ ಕೊಟ್ಟಿದೆ. ಠಾಣೆಯಲ್ಲಿ ನಿರಾಕರಿಸಿದರೆ ಅಲ್ಲಿಯೇ ವಾದಿಸುತ್ತ ಕೂರಬೇಡಿ. ದೂರಿನ ಸಾರವನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಫಲವಿಲ್ಲದಿದ್ದರೆ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ. ಎಸ್‌ಪಿ ಮೆಟ್ಟಿಲು ತಪ್ಪಿಸಿ ನೇರ ಕೋರ್ಟಿಗೆ ಹೋದ ಅರ್ಜಿಗಳು ಆ ಒಂದೇ ಕಾರಣಕ್ಕೆ ವಾಪಸಾಗುತ್ತವೆ.

ಗ್ರಾಹಕ ಆಯೋಗ, ಕಂದಾಯ ಕಚೇರಿ, ಹೈಕೋರ್ಟ್

ಕೊಂಡ ವಸ್ತು ಕೆಟ್ಟದ್ದಾದರೆ, ಬಿಲ್ಡರ್ ಫ್ಲಾಟ್ ಕೊಡದೆ ಸತಾಯಿಸಿದರೆ, ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಸಿವಿಲ್ ನ್ಯಾಯಾಲಯವೂ ಗ್ರಾಹಕ ಆಯೋಗವೂ ತೆರೆದಿರುತ್ತವೆ. ಆಯೋಗದಲ್ಲಿ ಕೋರ್ಟ್ ಫೀ ಹೊರೆಯಿಲ್ಲ. ಪಾವತಿಸಿದ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಎಲ್ಲಿದ್ದರೂ ಸರಿ. ಆದರೆ ಇಲ್ಲಿನ ಕಾಲಮಿತಿ ಎರಡು ವರ್ಷ, ಸಿವಿಲ್‌ನ ಹಾಗೆ ಮೂರಲ್ಲ. ಲಾಭದ ವ್ಯಾಪಾರಕ್ಕೆಂದು ಕೊಂಡವರು ಗ್ರಾಹಕರಲ್ಲ. ಹೊಟ್ಟೆಪಾಡಿಗೆ ತಾವೇ ದುಡಿಯಲು ಯಂತ್ರ ಕೊಂಡವರು ಗ್ರಾಹಕರೇ. ನಕಲಿ ಸಹಿ, ಫೋರ್ಜರಿಯಂಥ, ಸಾಕ್ಷಿಗಳ ದೀರ್ಘ ಪಾಟೀಸವಾಲು ಬೇಕಾಗುವ ತಕರಾರುಗಳನ್ನು ಆಯೋಗ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಎಂದು ಕಳಿಸಿಬಿಡುತ್ತದೆ. ಅಂಥ ವಿಷಯವಾದರೆ ಮೊದಲೇ ದಾವೆ ಹೂಡುವುದು ಲೇಸು.

ಜಮೀನಿನ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮಿನಂತೆ, ಬೇರೆ ರೀತಿ ಸಾಬೀತಾಗುವವರೆಗೆ ಪಹಣಿಯ ನಮೂದು ಸರಿಯೆಂದೇ ಭಾವಿಸಬೇಕು. ಹಾಗೆಂದು ಅದು ಹಕ್ಕುಪತ್ರವಲ್ಲ. ಖಾತೆ ಬದಲಾವಣೆಯಿಂದ ಮಾಲೀಕತ್ವ ಬರುವುದೂ ಇಲ್ಲ, ಹೋಗುವುದೂ ಇಲ್ಲ. ನೋಂದಾಯಿತ ಕ್ರಯಪತ್ರ ಇದ್ದೂ ಮ್ಯುಟೇಶನ್ ಆಗಿಲ್ಲ, ಹೆಸರು ತಪ್ಪಾಗಿದೆ, ವಿಸ್ತೀರ್ಣದ ಅಂಕಿ ಕೈತಪ್ಪಿದೆ ಎಂದಾದರೆ ತಹಶೀಲ್ದಾರರು, ಅವರ ಆದೇಶದ ಮೇಲೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಆದರೆ ‘ಈ ಕ್ರಯಪತ್ರವೇ ನಕಲಿ’, ‘ಈ ವಿಲ್ ನಮ್ಮ ತಂದೆ ಬರೆದದ್ದಲ್ಲ’ ಎಂಬ ಮಾತು ಬಂದ ಕ್ಷಣ ಅದು ಕಂದಾಯ ಅಧಿಕಾರಿ ತೀರ್ಮಾನಿಸುವ ವಿಷಯವಾಗಿ ಉಳಿಯುವುದಿಲ್ಲ. 135ನೇ ಕಲಮಿನ ಪರಂತುಕದಂತೆ (ಕಲಮಿಗೆ ಷರತ್ತು ಅಥವಾ ವಿನಾಯಿತಿ ಸೇರಿಸುವ ವಾಕ್ಯ) ಸಿವಿಲ್ ನ್ಯಾಯಾಲಯದಲ್ಲಿ ಘೋಷಣೆ ಪಡೆದರೆ ಪಹಣಿ ಅದರಂತೆ ತಿದ್ದುಪಡಿಯಾಗುತ್ತದೆ. ಎಸಿ, ಡಿಸಿ ಕೋರ್ಟುಗಳಲ್ಲಿ ಹಕ್ಕಿನ ವಿವಾದಕ್ಕಾಗಿ ಹತ್ತು ವರ್ಷ ಓಡಾಡಿದವರು ಕೊನೆಗೆ ಕೇಳಿಸಿಕೊಳ್ಳುವುದೂ ಇದನ್ನೇ.

ಸರ್ಕಾರವೇ ತಪ್ಪು ಮಾಡಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಕಾಯ್ದೆಯಲ್ಲೇ ಮೇಲ್ಮನವಿಗೆ ಅವಕಾಶ ಇದ್ದರೆ ಸಾಮಾನ್ಯವಾಗಿ ಮೊದಲು ಅಲ್ಲಿಗೆ ಹೋಗಲು ಹೇಳುತ್ತಾರೆ. ಬರೀ ವಿಳಂಬದ ಸಮಸ್ಯೆಗೆ ರಿಟ್ ದುಬಾರಿ. ಸೇವೆ ‘ಸಕಾಲ’ದ, ಅಂದರೆ ಸರ್ಕಾರಿ ಸೇವೆಗಳಿಗೆ ಗಡುವು ಹಾಕಿರುವ ಕರ್ನಾಟಕದ ಕಾಯ್ದೆಯ ಪಟ್ಟಿಯಲ್ಲಿದ್ದರೆ ಅಲ್ಲೇ ಮೇಲ್ಮನವಿ ಸಲ್ಲಿಸಿ: ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ನಗಣ್ಯ ನಿಜ, ಆದರೆ ಅದು ಅಧಿಕಾರಿಯ ಜೇಬಿಗೆ ಬರುವ ಹೊರೆಯಾದ್ದರಿಂದ ಕಡತ ಮುಂದೆ ಸರಿಯುತ್ತದೆ.

ಕಾಗದದ ತೂಕ

ಭಾರತದಲ್ಲಿ ಕಾನೂನಿನ ಮೂಲಗಳಿಗೆ ಮೇಲು ಕೀಳಿನ ಕ್ರಮವಿದೆ. ಎಲ್ಲಕ್ಕಿಂತ ಮೇಲೆ ಸಂವಿಧಾನ. ಅದರ ಕೆಳಗೆ ಸಂಸತ್ತು ಅಥವಾ ವಿಧಾನಮಂಡಲದ ಅಧಿನಿಯಮ (ಅಂದರೆ ಕಾಯ್ದೆ), ಅದರಡಿ ಸರ್ಕಾರ ರಚಿಸುವ ನಿಯಮಗಳು ಮತ್ತು ಅಧಿಸೂಚನೆಗಳು, ಅವುಗಳ ಕೆಳಗೆ ಇಲಾಖೆಯ ಸುತ್ತೋಲೆ. ಕೆಳಗಿನದು ಮೇಲಿನದಕ್ಕೆ ವಿರುದ್ಧವಾದರೆ ಬೀಳುತ್ತದೆ. ಯಾವ ಕಾಗದ ಕೈಗೆ ಬಂದರೂ ಅದರ ಪೀಠಿಕೆಯನ್ನು ಓದಿ. ‘ಇಂಥ ಅಧಿನಿಯಮದ ಇಂಥ ಪ್ರಕರಣದಿಂದ ಪ್ರದತ್ತವಾದ ಅಧಿಕಾರವನ್ನು ಚಲಾಯಿಸಿ’ ಎಂಬ ಸಾಲು ಇದ್ದರೆ ಅದು ನಿಯಮವೋ ಅಧಿಸೂಚನೆಯೋ ಆಗಿರುತ್ತದೆ, ಹೆಸರಿಸಿದ ಆ ಪ್ರಕರಣವನ್ನು, ಅಂದರೆ ಕಲಮನ್ನು, ಹುಡುಕಿ ತಾಳೆ ನೋಡಬಹುದು. ಆ ಸಾಲೇ ಇಲ್ಲದಿದ್ದರೆ ನಿಮ್ಮ ಕೈಲಿರುವುದು ಬಹುಪಾಲು ಆಡಳಿತಾತ್ಮಕ ಸೂಚನೆ. ಅದು ಇಲಾಖೆಯ ನೌಕರರಿಗೆ ಅನ್ವಯಿಸುತ್ತದೆ. ನಿಮಗೆ ಕಾಯ್ದೆ ಕೊಟ್ಟ ಹಕ್ಕನ್ನು ಅದರಿಂದ ಕಿತ್ತುಕೊಳ್ಳಲಾಗದು. ತೆರಿಗೆಯಂತೂ ಸುತ್ತೋಲೆಯಿಂದ ಹೇರುವಂತೆಯೇ ಇಲ್ಲ. 265ನೇ ವಿಧಿ ಅದಕ್ಕೆ ಕಾನೂನಿನ ಅಧಿಕಾರ ಬೇಕೆನ್ನುತ್ತದೆ.

ಹಾಗಾದರೆ ಅಧಿನಿಯಮ ಒಂದನ್ನು ಓದಿದರೆ ಸಾಕಲ್ಲವೇ? ಸಾಲದು, ಮತ್ತು ಓದಿಕೊಂಡವರೂ ಎಡವುವುದು ಇಲ್ಲಿಯೇ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 34ನೇ ಕಲಮು ಜಿಲ್ಲಾ ಆಯೋಗದ ವ್ಯಾಪ್ತಿ ಒಂದು ಕೋಟಿ ರೂಪಾಯಿವರೆಗೆ ಎನ್ನುತ್ತದೆ. ಅದೇ ಕಲಮಿನ ಪರಂತುಕ ಬೇರೆ ಮೊತ್ತ ಗೊತ್ತುಪಡಿಸಲು ಕೇಂದ್ರ ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. 2021ರ ಡಿಸೆಂಬರ್‌ನಲ್ಲಿ ಬಂದ ನಿಯಮಗಳು ಅದನ್ನು 50 ಲಕ್ಷಕ್ಕೆ ಇಳಿಸಿದವು. 50 ಲಕ್ಷದ ಮೇಲೆ 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ರಾಷ್ಟ್ರೀಯ ಆಯೋಗ. 70 ಲಕ್ಷದ ಫ್ಲಾಟಿನ ದೂರನ್ನು ಅಧಿನಿಯಮ ಮಾತ್ರ ಓದಿ ಜಿಲ್ಲಾ ಆಯೋಗದಲ್ಲಿ ಹಾಕಿದರೆ ವಾಪಸ್ ಬರುತ್ತದೆ. ಮಾಹಿತಿ ಹಕ್ಕಿನದೂ ಇದೇ ಕತೆ. 2005ರ ಅಧಿನಿಯಮದಲ್ಲಿ ಅರ್ಜಿಯ ಉದ್ದಕ್ಕೆ ಮಿತಿಯಿಲ್ಲ, ಕರ್ನಾಟಕದ ನಿಯಮಗಳಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಎಂದಿದೆ. ನಿಯಮ ಅಧಿನಿಯಮಕ್ಕೆ ಅಡಿಯಾಳು ನಿಜ, ಆದರೆ ಅಂಕಿ, ನಮೂನೆ, ಶುಲ್ಕ ಎಲ್ಲ ಸಿಗುವುದು ನಿಯಮದಲ್ಲೇ.

ಅಂಗೀಕಾರವಾದದ್ದೆಲ್ಲ ಜಾರಿಯಲ್ಲಿರುತ್ತದೆ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ನ್ಯಾಯ ಸಂಹಿತೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2023ರ ಡಿಸೆಂಬರ್ 25ರಂದು, ಜಾರಿಯಾದದ್ದು 2024ರ ಜುಲೈ 1ರಂದು. ಅಂದು ಕೂಡ ಅಪಘಾತ ಮಾಡಿ ಪರಾರಿಯಾಗುವ ಚಾಲಕರ ಕುರಿತ 106(2) ಉಪಕಲಮನ್ನು ಜಾರಿಗೆ ತರದೆ ಹೊರಗಿಟ್ಟಿದ್ದರು. ಜುಲೈ 1ಕ್ಕಿಂತ ಹಿಂದೆ ನಡೆದ ಅಪರಾಧಕ್ಕೆ ಇಂದಿಗೂ 1860ರ ದಂಡ ಸಂಹಿತೆಯೇ ಅನ್ವಯ, ಏಕೆಂದರೆ 20(1)ನೇ ವಿಧಿ ಘಟನೆಯ ದಿನ ಇದ್ದ ಕಾನೂನನ್ನೇ ನೋಡಬೇಕೆನ್ನುತ್ತದೆ. ಪ್ರಕಟಿಸದ ಕಾನೂನು ಯಾರನ್ನೂ ಬಂಧಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1951ರ ಹರ್ಲಾ ಪ್ರಕರಣದಲ್ಲೇ ಹೇಳಿತ್ತು. ಸುಗ್ರೀವಾಜ್ಞೆ ಅಧಿನಿಯಮದಷ್ಟೇ ಬಲವುಳ್ಳದ್ದು, ಆಯುಷ್ಯ ಮಾತ್ರ ಕಡಿಮೆ: ಸದನ ಮತ್ತೆ ಸೇರಿದ ಆರು ವಾರಗಳಲ್ಲಿ ಅಂಗೀಕಾರವಾಗದಿದ್ದರೆ ಬಿದ್ದುಹೋಗುತ್ತದೆ.

ಭಾಷೆಯ ಬಗ್ಗೆಯೂ ಒಂದು ಮಾತು. ರಾಜ್ಯದ ಕಾಯ್ದೆ ಕನ್ನಡದಲ್ಲೇ ಅಂಗೀಕಾರವಾಗಿದ್ದರೂ, 348(3)ನೇ ವಿಧಿಯಂತೆ ರಾಜ್ಯಪಾಲರ ಅಧಿಕಾರದಡಿ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದವೇ ಅಧಿಕೃತ ಪಾಠ. ಕನ್ನಡದಲ್ಲಿ ಓದಿ ಅರ್ಥ ಮಾಡಿಕೊಳ್ಳಿ, ವಾದಕ್ಕಿಳಿಯುವ ಮುನ್ನ ಇಂಗ್ಲಿಷ್ ಪಾಠದೊಂದಿಗೆ ತಾಳೆ ನೋಡಿ. ಕನ್ನಡಿಗರಿಗೆ ಇದು ರುಚಿಸುವ ಮಾತಲ್ಲ, ಆದರೆ ಸದ್ಯಕ್ಕೆ ವ್ಯವಸ್ಥೆ ಇರುವುದು ಹೀಗೆ.

ಹೆಣ್ಣುಮಕ್ಕಳ ಪಾಲು: ಎಲ್ಲ ಮೂಲಗಳೂ ಎದುರಾಗುವ ಜಾಗ

ಮೂಲಗಳನ್ನು ತೂಗುವುದು ಏನೆಂದು ತಿಳಿಯಲು ಪಿತ್ರಾರ್ಜಿತ ಆಸ್ತಿಗಿಂತ ಒಳ್ಳೆಯ ಉದಾಹರಣೆ ಸಿಗದು. ಹಿಂದೂ ಕುಟುಂಬದ ಆಸ್ತಿಯ ಹಳೆಯ ಮಿತಾಕ್ಷರ ಪದ್ಧತಿಯಲ್ಲಿ ಹುಟ್ಟಿನಿಂದ ಹಕ್ಕು ಗಂಡುಮಕ್ಕಳಿಗೆ ಮಾತ್ರ ಇತ್ತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಅದನ್ನು ಬಹುಮಟ್ಟಿಗೆ ಹಾಗೇ ಬಿಟ್ಟಿತು. ಕರ್ನಾಟಕ ತನ್ನದೇ ತಿದ್ದುಪಡಿ ತಂದು 1994ರ ಜುಲೈ 30ರಿಂದ ಹೆಣ್ಣುಮಕ್ಕಳನ್ನೂ ಸಹದಾಯಾದರನ್ನಾಗಿ (ಹುಟ್ಟಿನಿಂದಲೇ ಕುಟುಂಬದ ಆಸ್ತಿಯಲ್ಲಿ ಪಾಲುಳ್ಳವರು) ಮಾಡಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದವನ್ನೇ ತೆಗೆದುಹಾಕಿತು. ಉತ್ತರಾಧಿಕಾರ ಸಮವರ್ತಿ ಪಟ್ಟಿಯ ವಿಷಯ, ಅಂದರೆ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದದ್ದು. ಕೇಂದ್ರ ಮತ್ತು ರಾಜ್ಯದ ಕಾನೂನು ಡಿಕ್ಕಿಯಾದರೆ 254ನೇ ವಿಧಿ ಬರುತ್ತದೆ, ಸಂಸತ್ತು ಆನಂತರ ಮಾಡಿದ ಕಾನೂನು ಮೇಲಾಗುತ್ತದೆ. ಹಾಗಾಗಿ 1994ರ ಮುಂಚಿನ ಮದುವೆಯ ನೆಪ ಈಗ ನಡೆಯುವುದಿಲ್ಲ.

ಆಮೇಲೆ ಶುರುವಾದದ್ದು ತೀರ್ಪುಗಳ ಗೊಂದಲ. 2005ರಲ್ಲಿ ತಂದೆ ಬದುಕಿರಲೇಬೇಕೇ? ಕರ್ನಾಟಕದಿಂದಲೇ ಹೋದ ಫೂಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರ ಪೀಠ 2015ರಲ್ಲಿ ಹೌದು ಎಂದಿತು. ಕರ್ನಾಟಕದ್ದೇ ಆದ ದಾನಮ್ಮ ಪ್ರಕರಣದಲ್ಲಿ ಇನ್ನೊಂದು ಇಬ್ಬರ ಪೀಠ 2018ರಲ್ಲಿ, ತಂದೆ 2001ರಲ್ಲೇ ತೀರಿಕೊಂಡಿದ್ದರೂ ಮಗಳಂದಿರಿಗೆ ಪಾಲು ಕೊಟ್ಟಿತು. ಒಂದೇ ಬಲದ ಎರಡು ಪೀಠ, ಎರಡು ಉತ್ತರ. ಕೆಳ ನ್ಯಾಯಾಲಯಗಳಲ್ಲಿ ಇಬ್ಬರು ವಕೀಲರೂ ಸುಪ್ರೀಂ ಕೋರ್ಟಿನ ತೀರ್ಪನ್ನೇ ಹಿಡಿದು ನಿಲ್ಲುವಂತಾಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರ ಪೀಠ ಫೂಲವತಿ ತೀರ್ಪನ್ನು ತಳ್ಳಿಹಾಕಿ, ಮಗಳ ಹಕ್ಕು ಹುಟ್ಟಿನಿಂದಲೇ ಬರುವುದರಿಂದ ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು ಇತ್ಯರ್ಥ ಮಾಡಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದ ಅಥವಾ ಕೋರ್ಟ್ ಡಿಕ್ರಿಯಿಂದ ಆದ ವಿಭಾಗ ಮಾತ್ರ ಉಳಿಯುತ್ತದೆ. ‘ಬಾಯಿಮಾತಿನಲ್ಲಿ ಎಂದೋ ಪಾಲಾಗಿದೆ’ ಎನ್ನುವ ಅಣ್ಣತಮ್ಮಂದಿರ ವಾದ ಸಾರ್ವಜನಿಕ ದಾಖಲೆಗಳ ಬೆಂಬಲವಿಲ್ಲದೆ ನಿಲ್ಲುವುದಿಲ್ಲ.

ಇದರಿಂದ ತೀರ್ಪು ತೂಗುವ ಕ್ರಮವೂ ತಿಳಿಯುತ್ತದೆ. ಮೊದಲು ಯಾವ ನ್ಯಾಯಾಲಯದ್ದೆಂದು ನೋಡಿ: 141ನೇ ವಿಧಿಯಂತೆ ಸುಪ್ರೀಂ ಕೋರ್ಟ್ ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳಿಗೂ ಕಡ್ಡಾಯ. ಕರ್ನಾಟಕ ಹೈಕೋರ್ಟಿನದು ರಾಜ್ಯದ ಕೆಳ ನ್ಯಾಯಾಲಯಗಳಿಗೆ ಕಡ್ಡಾಯ, ಮದ್ರಾಸ್ ಅಥವಾ ಬಾಂಬೆ ಹೈಕೋರ್ಟಿನದು ಇಲ್ಲಿ ಮನವೊಲಿಸಲಷ್ಟೇ ಬರುತ್ತದೆ. ಆಮೇಲೆ ಎಷ್ಟು ಜನರ ಪೀಠ ಎಂದು ನೋಡಿ. ದೊಡ್ಡ ಪೀಠದ್ದಿದ್ದರೆ ಚಿಕ್ಕ ಪೀಠದ್ದು, ಆನಂತರದ್ದಾದರೂ, ಮಣಿಯಬೇಕು. ಬಳಿಕ ತೀರ್ಪಿನ ಯಾವ ಭಾಗ ಎಂಬುದು: ಆ ಪ್ರಕರಣದ ಸಂಗತಿಗಳಿಗೆ ಕೊಟ್ಟ ನಿರ್ಣಯದ ಕಾರಣ ಬಂಧಿಸುತ್ತದೆ, ನ್ಯಾಯಮೂರ್ತಿಗಳು ಪ್ರಾಸಂಗಿಕವಾಗಿ ಆಡಿದ ಮಾತಿಗೆ ಆ ಬಲವಿಲ್ಲ. ಪತ್ರಿಕೆಯ ತಲೆಬರಹಗಳು ಎತ್ತಿಕೊಳ್ಳುವುದು ಬಹಳ ಸಲ ಆ ಎರಡನೆಯದನ್ನೇ. ಪ್ರಕರಣ ಮುಗಿಯುವ ಮೊದಲು ಕೊಡುವ ಮಧ್ಯಂತರ ಆದೇಶ ಮುಂದಿನ ಪ್ರಕರಣಗಳಿಗೆ ನಿದರ್ಶನವಲ್ಲ. ಮೇಲ್ಮನವಿಗೆ ಅನುಮತಿ ಕೋರಿ ಸುಪ್ರೀಂ ಕೋರ್ಟಿಗೆ ಹಾಕುವ ವಿಶೇಷ ಮೇಲ್ಮನವಿ ಅರ್ಜಿಯನ್ನು ಕಾರಣ ಕೊಡದೆ ವಜಾ ಮಾಡಿದ್ದರೆ ‘ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು’ ಎಂದು ಹೇಳಿಕೊಳ್ಳಲೂ ಬರುವುದಿಲ್ಲ. ಕೊನೆಗೆ, ಆ ಕಲಮು ಇನ್ನೂ ಬದುಕಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು 2015ರ ಮಾರ್ಚ್ 24ರಂದೇ ರದ್ದು ಮಾಡಿದ್ದರೂ ವರ್ಷಗಟ್ಟಲೆ ಅದರಡಿ ಪ್ರಕರಣಗಳು ದಾಖಲಾಗುತ್ತಲೇ ಇದ್ದವು.

ರೂಢಿಗೆ ಎಷ್ಟು ಬಲ?

ಬರೆದಿಟ್ಟ ಕಾನೂನಿನ ಮುಂದೆ ರೂಢಿ ಸಾಮಾನ್ಯವಾಗಿ ಸೋಲುತ್ತದೆ. ಕಾನೂನೇ ಜಾಗ ಬಿಟ್ಟಲ್ಲಿ ಮಾತ್ರ ಗೆಲ್ಲುತ್ತದೆ. 1955ರ ಹಿಂದೂ ವಿವಾಹ ಅಧಿನಿಯಮ ಮಾವ–ಸೊಸೆ, ಅಂದರೆ ತಾಯಿಯ ತಮ್ಮ ಮತ್ತು ಅಕ್ಕನ ಮಗಳ ಸಂಬಂಧವನ್ನು ನಿಷಿದ್ಧ ಪಟ್ಟಿಗೆ ಸೇರಿಸಿದೆ. ಆದರೆ ಇಬ್ಬರ ಕಡೆಯ ರೂಢಿಯೂ ಒಪ್ಪಿದರೆ ಮದುವೆ ಸಿಂಧು ಎಂದು 5ನೇ ಕಲಮು ಹೇಳುತ್ತದೆ. ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವುದು ಕಾನೂನುಬದ್ಧವಾಗಿ ಉಳಿದಿರುವುದು ಈ ಒಂದು ವಾಕ್ಯದಿಂದ. ರೂಢಿಯನ್ನು ಹೇಳಿಕೊಳ್ಳುವವರೇ ಸಾಬೀತು ಮಾಡಬೇಕು: ದೀರ್ಘಕಾಲದಿಂದ, ಎಡೆಬಿಡದೆ, ಒಂದೇ ರೀತಿಯಲ್ಲಿ ನಡೆದುಬಂದಿರಬೇಕು, ಸಾರ್ವಜನಿಕ ನೀತಿಗೆ ವಿರುದ್ಧವಾಗಿರಬಾರದು. ‘ನಮ್ಮಲ್ಲಿ ಹೀಗೇ’ ಎಂಬ ಸಾಕ್ಷ್ಯ ಸಾಲದು. ಆ ಸಮುದಾಯದಲ್ಲಿ ನಡೆದ ಇಂಥಿಂಥ ಮದುವೆಗಳೆಂದು ಹೆಸರಿಸಿ ಹೇಳುವ ಸಾಕ್ಷಿಗಳು ಬೇಕು. ಮರ್ಯಾದೆಯ ಹೆಸರಿನಲ್ಲಿ ಬಹಿಷ್ಕಾರ ಹಾಕುವ ರೂಢಿಗೆ 13ನೇ ವಿಧಿಯ ಮುಂದೆ ಜೀವವಿಲ್ಲ, ಅಲ್ಲಿ ‘ಕಾನೂನು’ ಎಂಬುದರೊಳಗೆ ರೂಢಿಯನ್ನೂ ಸೇರಿಸಿ, ಮೂಲಭೂತ ಹಕ್ಕಿಗೆ ವಿರುದ್ಧವಾದದ್ದು ಶೂನ್ಯ ಎಂದಿದ್ದಾರೆ.

ಹುಡುಕುವುದು ಎಲ್ಲಿ?

ಕೇಂದ್ರದ ಅಧಿನಿಯಮಗಳಿಗೆ ‘ಇಂಡಿಯಾ ಕೋಡ್’ ಜಾಲತಾಣ. ರಾಜ್ಯದ ಅಧಿನಿಯಮಗಳೂ ಅಲ್ಲಿವೆ. ಕರ್ನಾಟಕದ್ದಕ್ಕೆ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣವನ್ನೂ ನೋಡಿ. ನಿಯಮ, ಅಧಿಸೂಚನೆಗಳಿಗೆ ರಾಜ್ಯಪತ್ರ. ಸುಪ್ರೀಂ ಕೋರ್ಟಿನ ತೀರ್ಪುಗಳು ಅದರ ಆನ್‌ಲೈನ್ ತೀರ್ಪು ಸಂಗ್ರಹವಾದ ಇ-ಎಸ್‌ಸಿಆರ್‌ನಲ್ಲಿ ಉಚಿತ. ನೋಡುವ ಕ್ರಮ ಹೀಗಿರಲಿ: ಘಟನೆ ನಡೆದ ದಿನಾಂಕ ಬರೆದಿಟ್ಟುಕೊಳ್ಳಿ, ಅಂದು ಜಾರಿಯಲ್ಲಿದ್ದ ಅಧಿನಿಯಮದ ಪಾಠ ತೆಗೆಯಿರಿ, ಕರ್ನಾಟಕ ತಿದ್ದುಪಡಿ ಇದೆಯೇ ನೋಡಿ, ಪರಂತುಕ ಮತ್ತು ವ್ಯಾಖ್ಯೆಯ ಕಲಮನ್ನು ಬಿಡಬೇಡಿ, ಆಮೇಲೆ ನಿಯಮ, ಕೊನೆಯಲ್ಲಿ ತೀರ್ಪು. ತೀರ್ಪಿನಿಂದ ಶುರು ಮಾಡಿದರೆ ನಿಮಗೆ ಬೇಕಾದದ್ದು ಸಿಕ್ಕಿದ ಕೂಡಲೇ ಹುಡುಕಾಟ ನಿಂತುಬಿಡುತ್ತದೆ.

ವಕೀಲರ ಖರ್ಚು ಭರಿಸಲಾಗದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮಿನಡಿ ಉಚಿತ ನೆರವಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಆದಾಯದ ಮಿತಿಯಿಲ್ಲದೆ ಅರ್ಹರು. ಅರ್ಜಿಯನ್ನು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಸಮಿತಿಯಲ್ಲೇ ಕೊಡಬಹುದು. ಅದೇ ಅಧಿನಿಯಮದ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ, ಅದಾಲತ್‌ನ ಆದೇಶಕ್ಕೆ ಡಿಕ್ರಿಯ ಬಲವಿದ್ದು ನೇರ ಅಮಲ್ಜಾರಿ ಮಾಡಿಸಬಹುದು. ಅದರ ಮೇಲೆ ಮೇಲ್ಮನವಿ ಮಾತ್ರ ಇಲ್ಲ. ಹಾಗಾಗಿ ಸಹಿ ಹಾಕುವ ಮುನ್ನ ರಾಜಿ ಪತ್ರದಲ್ಲಿ ಮೊತ್ತ, ಕಂತಿನ ದಿನಾಂಕ, ತಪ್ಪಿದರೆ ಏನು, ಚೆಕ್‌ಬಂದಿ ಮತ್ತು ಸರ್ವೆ ನಂಬರ್ ಎಲ್ಲವೂ ಸರಿಯಾಗಿ ಬಿದ್ದಿವೆಯೇ ಎಂದು ಸಾಲು ಸಾಲಾಗಿ ಓದಿಸಿಕೊಳ್ಳಿ.